ತಡಿ ಅಂದದ್ದು ವೈರಿಗೆ

ನಮ್ಮ ಅತ್ತೆಯವರ ಕಾಲು ಜುಮ್ ಎನ್ನುವುದು ಮನೆಯಲ್ಲಿ ಹೊಸ ಸುದ್ದಿಯಲ್ಲ. ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷದ ಮೇಲಾಯಿತು. ಕೋಲಾರದ ಡಾಕ್ಟರು ಅವರ ಪಾದವನ್ನು ಅಲ್ಲಲ್ಲಿ ಮುಟ್ಟಿ ನೋಡಿ, ನರಗಳು ಸೋತಿವೆ, ಜುಮ್ ಅನ್ನುತ್ತೆ, ಒಮ್ಮೊಮ್ಮೆ ಉರಿಯುತ್ತೆ, ಬರಿಗಾಲಲ್ಲಿ ಓಡಾಡಬೇಡಿ ಅಂತ ಹೇಳಿದ್ದರು. ಮೊದಲ ಮೂರು ಮಾತನ್ನು ಅತ್ತೆ ಒಪ್ಪಿಕೊಂಡರು. ಕೊನೆಯದನ್ನು ಆಸ್ಪತ್ರೆಯ ಮೆಟ್ಟಿಲ ಮೇಲೇ ಬಿಟ್ಟು ಬಂದರು. "ತುಳಸಿಗೆ ಚಪ್ಪಲಿ ಹಾಕ್ಕೊಂಡು ನೀರು ಬಿಡೋಕಾಗ್ತದೇನೇ?" ಅನ್ನುವುದು ಅವರ ವಾದ.

ಹಾಗಾಗಿ ಮೇ ತಿಂಗಳ ಒಂದು ಬೆಳಿಗ್ಗೆ ಅವರು ಹಿತ್ತಿಲಿನಿಂದ ಒಳಗೆ ಬಂದು, "ಇವತ್ತು ಕಾಲು ಬಲೇ ಜುಮ್ ಅಂತೈತೆ ಕಣೇ," ಅಂದಾಗ ನಾನು ಬಾಣಲೆಯಿಂದ ಕಣ್ಣೆತ್ತದೆ, "ಮಾತ್ರೆ ತಗೊಂಡ್ರಾ ಅತ್ತೆ?" ಅಂತ ಕೇಳಿದೆ. ಮಾರನೆಯ ದಿನವೂ ಅದೇ ಮಾತು, ಅದೇ ಉತ್ತರ. ಮೂರನೆಯ ದಿನ ನಾನು ಬಾಯಿ ತೆರೆಯುವ ಮೊದಲೇ ಅವರು, "ತಗೊಂಡೆ, ತಗೊಂಡೆ," ಅಂದರು. ಆ ಮೂರು ಬೆಳಗುಗಳು ಇವತ್ತಿಗೂ ನನ್ನ ಎದೆಯಲ್ಲಿ ಹಾಗೇ ಕೂತಿವೆ. ಯಾಕೆಂದರೆ ಆ ಜುಮ್ ಸಕ್ಕರೆಯದಾಗಿರಲಿಲ್ಲ. ನಾನೇ ಅಂಗಡಿಗೆ ಹೋಗಿ, ಆರಿಸಿ, ಚೀಲದಲ್ಲಿ ಹಾಕಿಕೊಂಡು ತಂದ ವೈರಿನದಾಗಿತ್ತು.

ಮುಳಬಾಗಿಲಿನ ಅತ್ತೆಯವರ ಈ ಹಳೆಯ ಮನೆಗೆ ನಾವು ಬಂದು ಆಗ ಎರಡು ವರ್ಷ. ಅದಕ್ಕೆ ಮೊದಲು ಮಾಲೂರಿನಲ್ಲಿ ಬಾಡಿಗೆಗಿದ್ದೆವು; ಯಜಮಾನರು ಅಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾರೆ, ಈಗಲೂ ಇಲ್ಲಿಂದಲೇ ಹೋಗಿಬರುತ್ತಾರೆ. ಗೇಟಿನಲ್ಲೇ ಫೋನು ಒಪ್ಪಿಸಿ ಒಳಗೆ ಹೋಗಬೇಕು. ಅಂದರೆ ಹಗಲು ಹೊತ್ತಿನಲ್ಲಿ ಮನೆಯಲ್ಲಿ ಏನಾದರೂ ನಾನು ಮತ್ತು ಅತ್ತೆ ಇಬ್ಬರೇ ನೋಡಿಕೊಳ್ಳಬೇಕು. ನಾನು ಮಂಡ್ಯದ ಕಡೆಯವಳು. ಅತ್ತೆ ನನ್ನ ಜೊತೆ ಕನ್ನಡ, ಪಕ್ಕದ ಮನೆಯವರ ಜೊತೆ ತೆಲುಗು, ದೇವರ ಜೊತೆ ಎರಡೂ ಮಾತಾಡುತ್ತಾರೆ. ತೆಲುಗು ಕಲಿತುಕೋ ಅಂತ ಒಂದು ದಿನವೂ ಒತ್ತಾಯ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

ಹಿತ್ತಿಲು ಅಂದರೆ ಬಟ್ಟೆ ಒಗೆಯುವ ಕಲ್ಲು, ಕಬ್ಬಿಣದ ಪೈಪಿಗೆ ಸಿಕ್ಕಿಸಿದ ಒಂದು ನಲ್ಲಿ, ತುಳಸಿ ಕಟ್ಟೆ, ಒಂದು ಕರಿಬೇವಿನ ಗಿಡ, ಮೂಲೆಯಲ್ಲಿ ನೀರಿನ ಸಂಪು. ಸಂಪಿನೊಳಗಿನ ಮೋಟರಿಗೆ ಅಡುಗೆಮನೆಯ ಹಿಂಗೋಡೆಯಿಂದ ಒಂದು ವೈರು ಗಾಳಿಯಲ್ಲೇ ಹಾದುಹೋಗಿತ್ತು. ಮೂರು ಕಡೆ ಟೇಪು ಸುತ್ತಿತ್ತು. ಬಿಸಿಲಿಗೆ ಟೇಪಿನ ಅಂಟು ಕರಗಿ, ತುದಿ ಸಣ್ಣ ನಾಲಗೆಯ ಹಾಗೆ ಜೋತಾಡುತ್ತಿತ್ತು. ಅದರ ಕೆಳಗೇ ನಾವು ಒದ್ದೆ ಬಟ್ಟೆ ಹಿಂಡುವುದು. ಅದನ್ನು ತೆಗೆಸೋಣ ಅಂತ ನಾನು ಎಷ್ಟೋ ಸಲ ಹೇಳಿದ್ದೆ.

"ಹತ್ತು ವರ್ಷದಿಂದ ಹಂಗೇ ಐತಲ್ಲೇ, ಏನಾಗಿದೆ?" ಅಂತ ಯಜಮಾನರು ನಕ್ಕಿದ್ದರು.

"ಅವಳಿಗೆ ಕಾಗೆ ಕೂತ್ರೂ ಭಯ, ಕಾಗೆ ಹಾರಿದ್ರೂ ಭಯ," ಅಂತ ಅತ್ತೆ ಸೇರಿಸಿದ್ದರು.

ನಾನು ಹಟ ಹಿಡಿದೆ. ವೈರು ನೆಲದೊಳಗೆ ಪೈಪಿನಲ್ಲಿ ಹೋಗಲಿ, ಮೇಲೆ ಕಾಂಕ್ರೀಟು ಹಾಕಿಸೋಣ, ಅತ್ತೆ ಜಾರದ ಹಾಗೆ ನೆಲವೂ ಸಮವಾಗುತ್ತದೆ. ಅತ್ತೆಯ ಕಾಲಿಗೆ ಅಂತಲೇ ನಾನು ಇದನ್ನೆಲ್ಲ ಶುರು ಮಾಡಿದ್ದು. ಇದನ್ನು ನೆನಪಿಟ್ಟುಕೊಂಡು ಮುಂದಿನದನ್ನು ಓದಬೇಕು ಅಂತ ನನ್ನ ಆಸೆ.

ಎಲೆಕ್ಟ್ರಿಷಿಯನ್ ನಂಗಲಿಯವರು, ಐವತ್ತು ದಾಟಿದವರು. ಲಾರಿಗಳು ನಿಲ್ಲುವ ಹೋಟೆಲೊಂದಕ್ಕೆ ವೈರಿಂಗ್ ಮಾಡುತ್ತಿದ್ದರು. ಐದು ದಿನ ಬರೋಕಾಗಲ್ಲ, ಸಾಮಾನು ತಂದಿಡಿ, ಮೇಸ್ತ್ರಿ ಪೈಪು ಹಾಕಲಿ, ಆಮೇಲೆ ನಾನು ಬಂದು ಕನೆಕ್ಷನ್ ಕೊಡ್ತೀನಿ ಅಂದರು. ಫೋನಿನಲ್ಲೇ ಪಟ್ಟಿ ಹೇಳಿದರು. ನಾನು ಡೈರಿ ತೆಗೆದು ಕೂತೆ.

ನಾನು ಓದಿದ್ದು ಕಾನ್ವೆಂಟಿನಲ್ಲಿ. ನಮ್ಮ ಸಿಸ್ಟರು ಡಿಕ್ಟೇಶನ್ ಕೊಡುವಾಗ ಒಂದು ನಿಯಮವಿತ್ತು: ಹೇಳುವವರ ಮಾತಿನ ನಡುವೆ ಬಾಯಿ ಹಾಕಬಾರದು, ಕೇಳಿಸದಿದ್ದರೆ ಆ ಜಾಗದಲ್ಲಿ ಚುಕ್ಕಿ ಇಟ್ಟು ಮುಂದೆ ಹೋಗಬೇಕು. ಆ ಅಭ್ಯಾಸ ನನ್ನ ಕೈಯಿಂದ ಹೋಗಿಲ್ಲ.

"ಬರ್ಕೊಳಿ ಅಕ್ಕಾ. ಮೋಟ್ರಿಗೆ ವೈರು, ಎರಡೂವರೆ. ಇಪ್ಪತ್ತು ಮೀಟ್ರು." ಅವರ ಹಿಂದೆ ಲಾರಿಯೊಂದು ಉದ್ದಕ್ಕೆ ಹಾರನ್ ಹೊಡೆಯಿತು. "ತಡಿ."

ನಾನು ಪೆನ್ನು ಎತ್ತಿ ಹಿಡಿದು ಕಾದೆ.

"ಅಕ್ಕಾ, ಇದೀರಾ? ತಡಿ, ತಡಿ. ಗೊತ್ತಾಯ್ತಾ?"

"ಆಯ್ತಣ್ಣ, ತಡೀತೀನಿ."

"ಹ್ಞಾ. ಒಳಗಡೆ ಲೈಟಿಗೆ ಒಂದೂವರೆ, ಹತ್ತು ಮೀಟ್ರು. ಅದು ಪೊಡಿ. ಅಷ್ಟೇ ಅಕ್ಕಾ, ಇಡ್ತೀನಿ."

ಬರ್ಕೊಳಿ ಅಂತ ಬಹುವಚನದಲ್ಲಿ ಹೇಳಿದವರು ತಡಿ ಅಂತ ಏಕವಚನಕ್ಕೆ ಯಾಕಿಳಿದರು ಅಂತ ಒಂದು ಕ್ಷಣ ಅನ್ನಿಸಿತು. ಗಡಿಯ ಕಡೆಯ ಕನ್ನಡ, ಹಾಗೇ ಇರುತ್ತದೆ ಅಂದುಕೊಂಡೆ. ಕೊನೆಗೆ ಹೇಳಿದ್ದನ್ನು ಪುಡಿ ಅಂತ ಕೇಳಿಸಿಕೊಂಡೆ; ಲೈಟಿನದು ಪುಡಿ ಕೆಲಸ, ಚಿಕ್ಕದು, ಚಿಂತೆಯಿಲ್ಲ ಅಂತ ಅರ್ಥ ಮಾಡಿಕೊಂಡೆ. ಡೈರಿಯಲ್ಲಿ ವೈರಿನ ದಪ್ಪ ಎರಡೂವರೆ, ಉದ್ದ ಇಪ್ಪತ್ತು ಮೀಟರ್ ಅಂತ ಬರೆದು, ಅವರು ನನ್ನನ್ನು ಕಾಯಿಸಿದ ಜಾಗದಲ್ಲಿ ಮೂರು ಚುಕ್ಕಿ ಇಟ್ಟೆ.

ಬಜಾರಿನ ವೈರಿನ ಅಂಗಡಿಯ ಯಜಮಾನರು ವಯಸ್ಸಾದ ಸಾಬರು, ಬಿಳಿ ಗಡ್ಡ, ಮಾತು ಬಹಳ ಮೆದು. ಡೈರಿ ನೋಡಿ ಕೇಳಿದರು: "ಒಳಗಾ ಹೊರಗಾ ಅಮ್ಮಾ?"

"ಒಳಗೇ. ಪೈಪ್ ಒಳಗೆ."

"ಹಾಂ, ಪೈಪ್ ಒಳಗೆ ಅಂದ್ರೆ ಇದು ಸಾಕು." ಕೆಂಪು, ಕಪ್ಪು, ಹಸಿರು, ಮೂರು ಬಣ್ಣದ ಒಂಟಿ ವೈರುಗಳನ್ನು ಇಪ್ಪತ್ತಿಪ್ಪತ್ತು ಮೀಟರು ಅಳೆದು, ಸುತ್ತಿ ಕೊಟ್ಟರು.

ವೈರು ಬಿಚ್ಚಿದ ಡಬ್ಬಿಯನ್ನು ನಾನು ಕೈಗೆ ತೆಗೆದುಕೊಂಡು ಅದರ ಮೇಲಿನ ಸಣ್ಣಕ್ಷರವನ್ನೆಲ್ಲ ಓದಿದೆ. ಓದುವುದು ನನಗೆ ಗೊತ್ತಿರುವ ಒಂದೇ ಎಚ್ಚರಿಕೆ. ಬೆಂಕಿ ಹತ್ತಿಕೊಳ್ಳುವುದಿಲ್ಲ, ಹೊಗೆ ಕಡಿಮೆ ಅಂತ ಬೆಂಕಿಯ ವಿಷಯವಷ್ಟೂ ಇತ್ತು. ನೀರಿನ ಬಗ್ಗೆ ಒಂದಕ್ಷರವಿರಲಿಲ್ಲ. ಬರೆದದ್ದನ್ನು ಓದಲು ಕಲಿಸಿದ್ದರು, ಬರೆಯದೇ ಬಿಟ್ಟದ್ದನ್ನು ಓದುವುದು ನನಗೆ ಬರುತ್ತಿರಲಿಲ್ಲ. ಒಳ್ಳೆಯ ವೈರೇ ಸಿಕ್ಕಿತು ಅಂತ ನೆಮ್ಮದಿಯಿಂದ ಮನೆಗೆ ಬಂದೆ.

ಗಾರೆ ಮೇಸ್ತ್ರಿ ದೇವರಾಯಸಮುದ್ರದವರು. ಒಂದೇ ದಿನದಲ್ಲಿ ನೆಲ ಅಗೆದು, ಪೈಪು ಮಲಗಿಸಿ, ಮೂರು ವೈರನ್ನೂ ಅದರೊಳಗೆ ಎಳೆದು, ಮೇಲೆ ಕಾಂಕ್ರೀಟು ಹಾಕಿದರು. ಸಂಜೆಗೆ ಟ್ಯಾಂಕಿನ ನೀರು ಖಾಲಿ. ಎಲೆಕ್ಟ್ರಿಷಿಯನ್ ಬರುವವರೆಗೆ ಹೇಗೆ ಅಂತ ನಾನು ಮುಖ ಸಪ್ಪೆ ಮಾಡಿದ್ದಕ್ಕೆ ಮೇಸ್ತ್ರಿಯೇ, "ಇರಮ್ಮಾ, ಸದ್ಯಕ್ಕೆ ಕೊಟ್ಟಿರ್ತೀನಿ," ಅಂತ ಎರಡು ವೈರು ಸೇರಿಸಿ ತಿರುಚಿ ಟೇಪು ಸುತ್ತಿದರು. ಮೋಟರು ಓಡಿತು. ಹೊರಡುವಾಗ, "ದಿನಾ ಮೂರು ಸಲ ಕ್ಯೂರಿಂಗಿಗೆ ನೀರು ಬಿಡ್ಬೇಕು, ಸಿಮೆಂಟು ಒಣಗೋಕೆ ಬಿಡಬೇಡಿ," ಅಂದರು.

ನಾನು ಹೇಳಿದ ಮಾತು ಕೇಳುವವಳು. ಮೂರು ಸಲ ಅಂದಲ್ಲಿ ನಾಲ್ಕು ಸಲ ಬಿಟ್ಟೆ. ನೀರು ಕಾಂಕ್ರೀಟಿನ ಮೇಲೆ ನಿಂತು, ಪೈಪು ನೆಲದಿಂದ ಮೇಲೆದ್ದ ಜಾಗದ ಸುತ್ತ ಗುಳುಗುಳು ಅಂತ ಸಣ್ಣ ಗುಳ್ಳೆ ಎಬ್ಬಿಸಿ ಕೆಳಗಿಳಿಯುತ್ತಿತ್ತು. ಹೊಸ ಸಿಮೆಂಟು ನೀರು ಕುಡಿಯುತ್ತಿದೆ ಅಂತ ಆ ಗುಳ್ಳೆಗಳನ್ನು ನಾನು ಪ್ರೀತಿಯಿಂದ ನೋಡಿದ್ದೇನೆ.

ಅತ್ತೆಯ ಕಾಲು ಜುಮ್ ಎನ್ನಲು ಶುರುವಾದದ್ದು ಅದರ ಮಾರನೆಯ ಬೆಳಿಗ್ಗೆಯಿಂದ.

ಅದೇ ಸಮಯಕ್ಕೆ ಶ್ರೀನಿವಾಸಪುರದಿಂದ ಅವರ ತಂಗಿ ಒಂದು ಬುಟ್ಟಿ ಬಾದಾಮಿ ಹಣ್ಣು ಕಳಿಸಿದ್ದರು. ಮಾವಿನ ಕಾಲದಲ್ಲಿ ದಿನಕ್ಕೆ ಒಂದೇ ಒಂದು ಹೋಳು ಅಂತ ಅತ್ತೆಗೂ ಡಾಕ್ಟರಿಗೂ ಒಪ್ಪಂದ. ಆ ಹೋಳನ್ನು ಅವರು ಅರ್ಧ ಗಂಟೆ ತಿನ್ನುತ್ತಾರೆ. ಮೂರನೆಯ ದಿನ ನಾನು ತಟ್ಟೆ ಹಿಡಿದುಕೊಂಡು ಹೋದರೆ ಕೈ ಅಡ್ಡ ಮಾಡಿದರು.

"ಬೇಡ ಕಣೇ. ಸಕ್ರೆ ಏರೈತೆ. ಕಾಲು ಹೇಳ್ತೈತಲ್ಲ."

"ಒಳ್ಳೇದಾಯ್ತು ಅತ್ತೆ, ಸ್ವಲ್ಪ ದಿನ ಬಿಡಿ," ಅಂತ ನಾನು ತಟ್ಟೆ ವಾಪಸ್ಸು ತಂದೆ. ಒಳ್ಳೇದಾಯ್ತು ಅಂದೆನಲ್ಲ! ಆ ಹೋಳನ್ನು ಅಡುಗೆಮನೆಯಲ್ಲಿ ನಿಂತು ನಾನೇ ತಿಂದೆ.

ಆದರೆ ಒಳಗೆಲ್ಲೋ ನನಗೆ ನೆಮ್ಮದಿಯಿರಲಿಲ್ಲ. ಸಣ್ಣ ಸಣ್ಣ ಸಂಗತಿಗಳು ಕಣ್ಣಿಗೆ ಬೀಳುತ್ತಿದ್ದವು. ನಲ್ಲಿಯ ಹತ್ತಿರ ನಿಂತಾಗ ಅತ್ತೆ ಬಿಸಿ ನೆಲದ ಮೇಲೆ ನಿಂತವರ ಹಾಗೆ ಕಾಲ್ಬೆರಳು ಮೇಲೆತ್ತುತ್ತಿದ್ದರು. ತಣ್ಣಗಿರುವ ಕಡೆ ಬಂದು ಮಲಗುವ ಪಕ್ಕದ ಮನೆಯ ಬೆಕ್ಕು ಗೋಡೆಯಿಂದ ಇಳಿದು, ಒಂದು ಹೆಜ್ಜೆ ಇಟ್ಟು, ಕಾಲು ಕೊಡವಿ ಮತ್ತೆ ಗೋಡೆ ಹತ್ತಿತು. ಸಕ್ಕರೆಯ ಜುಮ್ ಅತ್ತೆಗೆ ಸಾಮಾನ್ಯವಾಗಿ ಊಟದ ನಂತರ, ಮಲಗಿದಾಗ. ಇದು ಬೆಳಿಗ್ಗೆ, ನಿಂತಾಗ, ಹಿತ್ತಿಲಿನಲ್ಲಿ ಮಾತ್ರ. ನನಗೇಕೆ ಏನೂ ಆಗುತ್ತಿಲ್ಲ ಅಂತಲೂ ಯೋಚಿಸಿದೆ. ಹಿತ್ತಿಲಿಗೆ ನಾನು ರಬ್ಬರು ಚಪ್ಪಲಿಯಿಲ್ಲದೆ ಇಳಿಯುವುದೇ ಇಲ್ಲ ಅನ್ನುವುದು ಮಾತ್ರ ತಲೆಗೆ ಹೊಳೆಯಲಿಲ್ಲ. ಸುಮ್ಮನೆ ಭಯಪಡುತ್ತಿದ್ದೇನೆ, ಕಾಗೆ ಕೂತರೂ ಭಯ ಅಂತ ನಗುತ್ತಾರೆ ಎಂದು ಯಾರಿಗೂ ಹೇಳಲಿಲ್ಲ.

ನಾಲ್ಕನೆಯ ಬೆಳಿಗ್ಗೆ ಪಕ್ಕದ ಮನೆಯಾಕೆ ಕರಿಬೇವಿಗೆ ಬಂದರು. ಮೋಟರು ಓಡುತ್ತಿತ್ತು. ಆಕೆ ಹಿತ್ತಿಲಿನ ಬಾಗಿಲು ದಾಟುವಾಗ ಅತ್ತೆ ಕೂಗಿದರು: "ಜಾಗ್ರತ್ತಮ್ಮಾ! ಅಂತಾ ತಡಿ ತಡಿಗಾ ಉಂದಿ!" ಆಕೆ ನಿಲ್ಲಲಿಲ್ಲ. ಸೀರೆ ಎತ್ತಿ ಹಿಡಿದು, ಚಪ್ಪಲಿಯಲ್ಲೇ ನಾಲ್ಕು ಎಸಳು ಕಿತ್ತುಕೊಂಡು ಹೋದರು.

"ಅತ್ತೆ, ನೀವು ತಡಿ ತಡಿ ಅಂದ್ರೂ ಅವರು ನಿಲ್ಲಲೇ ಇಲ್ವಲ್ಲ?" ಅಂತ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನಕ್ಕೆ.

"ಯಾಕೆ ನಿಲ್ಬೇಕು? ನೆಲ ತಡಿ ಅಂದೆ. ತಡಿ ಅಂದ್ರೆ ಒದ್ದೆ ಕಣೇ. ಒಣಗಿರೋದಕ್ಕೆ ಪೊಡಿ. ಇಷ್ಟು ವರ್ಷ ಆದ್ರೂ ಎರಡು ಮಾತು ಕಲೀಲಿಲ್ಲ ನೀನು," ಅಂದು ಅತ್ತೆ ತಾಮ್ರದ ಚೊಂಬು ಹಿಡಿದು ನಲ್ಲಿಯ ಕಡೆ ತಿರುಗಿದರು.

ನನ್ನ ಕಿವಿಯಲ್ಲಿ ನಂಗಲಿಯ ಲಾರಿಯ ಹಾರನ್ ಕೇಳಿಸಿತು. ಎರಡೂವರೆ, ಇಪ್ಪತ್ತು ಮೀಟ್ರು, ತಡಿ. ಒಂದೂವರೆ, ಹತ್ತು ಮೀಟ್ರು, ಅದು ಪೊಡಿ. ನನ್ನನ್ನು ಕಾಯಲು ಹೇಳಿದ್ದಲ್ಲ. ಒದ್ದೆಗೆ ಹಾಕುವ ವೈರು, ಒಣಗಿದ ಕಡೆಗೆ ಹಾಕುವ ವೈರು ಅಂತ ಬಿಡಿಸಿ ಹೇಳಿದ್ದು. ಆ ಮೂರು ಚುಕ್ಕಿಯ ಜಾಗದಲ್ಲಿ ಒಂದು ಪದವಿತ್ತು.

ಅತ್ತೆ ಒದ್ದೆ ಕಾಂಕ್ರೀಟಿನ ಮೇಲೆ ಬರಿಗಾಲಲ್ಲಿ ನಡೆಯುತ್ತಿದ್ದರು. ಕೈಯಲ್ಲಿ ತಾಮ್ರ. ಎದುರಿಗೆ ಕಬ್ಬಿಣದ ನಲ್ಲಿ.

"ತಡಿ!" ಅಂತ ಕಿರುಚಿದೆ. ಹದಿಮೂರು ವರ್ಷದ ಸಂಸಾರದಲ್ಲಿ ಅತ್ತೆಯನ್ನು ಏಕವಚನದಲ್ಲಿ ಕೂಗಿದ್ದು ಅದೊಂದೇ ಸಲ. "ತಡಿ! ತಡಿ!"

"ಹ್ಞೂ ಕಣೇ, ತಡೀನೇ," ಅಂದರು ಅತ್ತೆ, ಹಿಂತಿರುಗಿಯೂ ನೋಡದೆ. ಈಗ ತಾನೇ ಹೇಳಿಕೊಟ್ಟ ಪದವನ್ನು ಸೊಸೆ ಒಪ್ಪಿಸುತ್ತಿದ್ದಾಳೆ ಅಂದುಕೊಂಡಿದ್ದರು. "ನೋಡ್ಕೊಂಡೇ ನಡೀತಿದೀನಿ." ಕೈ ನಲ್ಲಿಯ ಕಡೆ ಚಾಚಿತು.

ಸ್ವಿಚ್ಚು ನನ್ನಿಂದ ಐದು ಹೆಜ್ಜೆ ದೂರ. ಆ ಐದು ಹೆಜ್ಜೆ ಹೇಗೆ ಹಾಕಿದೆನೋ ಗೊತ್ತಿಲ್ಲ. ಮೋಟರಿನ ಸ್ವಿಚ್ಚು, ಅದರ ಪಕ್ಕದ ಮೇನು, ಎರಡನ್ನೂ ಆಫ್ ಮಾಡಿದೆ. ಮೋಟರಿನ ಸದ್ದು ನಿಂತಿತು. ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಯಿತು. ಹಿತ್ತಿಲಿನಲ್ಲಿ ನಲ್ಲಿಯಿಂದ ಚೊಂಬಿಗೆ ನೀರು ಬೀಳುವ ಸದ್ದು. ಆಮೇಲೆ ಅತ್ತೆಯ ದನಿ:

"ಏನೇ, ಕರೆಂಟ್ ಹೋಯ್ತಾ?"

ನಾನು ಬಾಗಿಲ ಹೊಸ್ತಿಲ ಮೇಲೆ ಕೂತುಬಿಟ್ಟೆ. ಅತ್ತೆ ತುಳಸಿಗೆ ನೀರು ಬಿಟ್ಟು, ಪ್ರದಕ್ಷಿಣೆ ಮುಗಿಸಿ ಬಂದು ನನ್ನ ಮುಖ ನೋಡಿ, "ಯಾಕೇ ಹಿಂಗೆ ಬೆವ್ತಿದೀಯ?" ಅಂದರು. ಆಮೇಲೆ ಪಾದ ನೋಡಿಕೊಂಡು, "ಇವತ್ತು ಜುಮ್ ಕಮ್ಮಿ," ಅಂದರು.

ಎಲೆಕ್ಟ್ರಿಷಿಯನ್ನಿಗೆ ಫೋನು ಮಾಡಿದೆ.

"ಅಣ್ಣಾ, ಅವತ್ತು ತಡಿ ಅಂದ್ರಲ್ಲ..."

"ಹ್ಞಾ ಅಕ್ಕಾ, ತಡಿಗೆ ಹಾಕೋ ವೈರು. ತಂದಿದೀರಾ?"

"ಇಲ್ಲ ಅಣ್ಣಾ. ನಾನು... ಕಾದೆ."

ಮೇಸ್ತ್ರಿ ಕನೆಕ್ಷನ್ ಕೊಟ್ಟದ್ದು, ಅತ್ತೆಯ ಕಾಲು, ನಾನು ಮೇನು ಆಫ್ ಮಾಡಿದ್ದು ಎಲ್ಲ ಒಂದೇ ಉಸಿರಿಗೆ ಹೇಳಿದ್ದಕ್ಕೆ ಅವರು, "ಮೇನು ಹಾಕ್ಬೇಡಿ. ಹಿತ್ಲಿಗೆ ಯಾರನ್ನೂ ಬಿಡಬೇಡಿ. ಹೋಟ್ಲು ಕೆಲಸ ಹಾಳಾಗೋಗ್ಲಿ, ಬಂದೆ," ಅಂದರು.

ಮಧ್ಯಾಹ್ನದೊಳಗೆ ಬಂದರು. ಒಂದು ಒಣ ಹಲಗೆಯ ಮೇಲೆ ನಿಂತು, ಒಂದೇ ಒಂದು ಸಲ ಮೋಟರು ಹಾಕಿಸಿ, ಟೆಸ್ಟರನ್ನು ನಲ್ಲಿಗೆ ಮುಟ್ಟಿಸಿದರು. ಟೆಸ್ಟರಿನ ಹೊಟ್ಟೆಯಲ್ಲಿ ಕಿತ್ತಳೆ ಬಣ್ಣದ ಒಂದು ಬೆಳಕು, ಬಹಳ ಮಂಕಾಗಿ. ಅಷ್ಟು ಸಣ್ಣ ಬೆಳಕನ್ನು ನೋಡಿ ನಾನು ಅಷ್ಟು ಹೆದರಿದ್ದು ಬೇರೆ ನೆನಪಿಲ್ಲ. ಮೇನು ಮತ್ತೆ ತೆಗೆಸಿ, ಮೇಸ್ತ್ರಿ ತಿರುಚಿದ ಗಂಟು ಬಿಚ್ಚಿದರು. ಹಸಿರು ವೈರನ್ನು ಎಲ್ಲಿಗೂ ಸೇರಿಸಿರಲೇ ಇಲ್ಲ, ಅದು ಬೀನ್ಸ್ ಬಳ್ಳಿಯ ತುದಿಯ ಹಾಗೆ ಸುರುಳಿ ಸುತ್ತಿಕೊಂಡು ಬಿದ್ದಿತ್ತು. "ಇದು ಅರ್ತಿಂಗು. ಸೇರಿಸಿದ್ದಿದ್ರೆ ಲೀಕಾದ ಕರೆಂಟನ್ನ ಇದೇ ಎಳ್ಕೊಂಡಿರೋದು. ಇಲ್ದೇ ಇದ್ದಿದ್ದಕ್ಕೆ ಅಮ್ಮನ ಕಾಲು ಹುಡ್ಕೊಂಡ್ ಬಂದೈತೆ," ಅಂದರು.

ಆಮೇಲೆ ಪೈಪಿನಿಂದ ವೈರು ಎಳೆದರು. ಅದು ನೀರು ಸುರಿಸುತ್ತಾ ಬಂತು. ಪೈಪಿನ ತುಂಬ ನೀರು. ನಾನು ನಾಲ್ಕು ದಿನ ಪ್ರೀತಿಯಿಂದ ಬಿಟ್ಟ ನೀರು. ಮೇಸ್ತ್ರಿ ತಿರುವಿನ ಹತ್ತಿರ ಎಳೆದಾಗಲೇ ಕೆಂಪು ವೈರಿನ ಚರ್ಮ ಉಗುರಿನಷ್ಟು ತರಚಿ, ಒಳಗಿನ ತಾಮ್ರ ಹೊಳೆಯುತ್ತಿತ್ತು.

"ನೋಡಿ ಅಕ್ಕಾ, ಇದಕ್ಕೆ ಒಂದೇ ಅಂಗಿ. ಗೋಡೆ ಒಳಗಿನ ಪೈಪಿಗೆ ಸಾಕು, ಅಲ್ಲಿ ಪೊಡಿ. ನೆಲದೊಳಗಿನ ಪೈಪು ಅಂದ್ರೆ ಯಾವಾಗ್ಲೂ ತಡಿ. ಮಳೆ ಬರ್ಲಿ, ಬರ್ದೇ ಇರ್ಲಿ. ಎಷ್ಟು ಮುಚ್ಚಿದ್ರೂ ನೀರು ಹೋಗ್ತದೆ. ಪೈಪು ಛತ್ರಿ ಅಲ್ಲ."

"ಮತ್ತೆ ಯಾವ ವೈರು ಅಣ್ಣಾ?"

"ಮೂರು ವೈರೂ ಸೇರಿ ಮೇಲೊಂದು ದಪ್ಪ ಅಂಗಿ ಇರ್ತದೆ, ಕರೀದು, ಚಪ್ಪಟೆ. ಮೋಟ್ರು ಜೊತೆ ನೀರೊಳಗೇ ಬಿಡ್ತಾರಲ್ಲ, ಅದು. ಮತ್ತೆ ಪೈಪ್ ಒಳಗೆ ಗಂಟು ಹಾಕ್ಬಾರ್ದು. ಗಂಟೆಲ್ಲಾ ಮೇಲೆ, ಗೋಡೆ ಮೇಲೆ ಡಬ್ಬಿ ಒಳಗೆ. ಲೀಕ್ ಆದ್ರೆ ತಾನೇ ಬೀಳೋ ಸ್ವಿಚ್ಚೂ ಒಂದು ತರಬೇಕು."

ಈ ಸಲ ನಾನು ಸಿಸ್ಟರ ನಿಯಮ ಮುರಿದೆ. ಪ್ರತಿ ಮಾತಿಗೂ ನಿಲ್ಲಿಸಿ, ಅಂದರೆ ಏನು, ಯಾಕೆ ಅಂತ ಕೇಳಿ ಬರೆದುಕೊಂಡೆ. ಅಂಗಡಿಯ ಸಾಬರು ಡೈರಿ ಓದಿ ನನ್ನನ್ನು ನೋಡಿದರು. ನಡೆದದ್ದನ್ನು ಹೇಳಿದೆ. ಅವರು ಟೋಪಿ ತೆಗೆದು ತಲೆ ಸವರಿಕೊಂಡರು.

"ಯಾ ಅಲ್ಲಾ! ಒಳಗಾ ಹೊರಗಾ ಅಂದೆ, ಒಳಗೆ ಅಂದ್ರಿ. ನಾನು ಮನೆ ಒಳಗೆ ಅನ್ಕೊಂಡೆ. ಅಮ್ಮ ಹೇಗಿದಾರೆ?"

"ಚೆನ್ನಾಗಿದಾರೆ."

"ಇನ್ಮೇಲೆ ಹಂಗೆ ಕೇಳಲ್ಲ ಬಿಡಿ. ನೀರು ಮುಟ್ತದಾ ಇಲ್ವಾ ಅಂತ್ಲೇ ಕೇಳೋದು." ಕಪ್ಪು ಕೇಬಲ್ಲನ್ನು ಅಳೆಯುವಾಗ ಒಂದೊಂದು ಮೊಳವನ್ನೂ ಬೆರಳಲ್ಲಿ ಒತ್ತಿ ನೋಡಿ ಸುತ್ತಿದರು.

ಸಂಜೆಯ ಹೊತ್ತಿಗೆ ಎಲ್ಲ ಮುಗಿಯಿತು. ಅತ್ತೆಗೆ ನಾನಿನ್ನೂ ಪೂರ್ತಿ ಹೇಳಿರಲಿಲ್ಲ. ಅವರ ಪಕ್ಕ ಕೂತು, ಪಾದ ನನ್ನ ಮಡಿಲಿಗೆ ಎಳೆದುಕೊಂಡು ಹೇಳಿದೆ: "ಅತ್ತೆ, ಅದು ಸಕ್ರೆ ಅಲ್ಲ. ಕರೆಂಟು. ನಾನು ತಂದ ವೈರು. ನಂದೇ ತಪ್ಪು."

ಬೈಯುತ್ತಾರೆ ಅಂತ ಕಾದೆ, ಬೈದರೆ ಹಗುರಾಗುತ್ತಿತ್ತು.

"ಆಸ್ಪತ್ರೇಲಿ ಕಾಲಿಗೆ ಕರೆಂಟ್ ಕೊಡೋಕೆ ಮಿಷನ್ ಇಟ್ಟವ್ರೆ ಕಣೇ. ನೀನು ಮನೇಲೇ ಕೊಡಿಸ್ದೆ," ಅಂದರು. ಮತ್ತೆ ತಡೆದು, ದನಿ ತಗ್ಗಿಸಿ, "ಅಂದ್ರೆ ಸಕ್ರೆ ಏರಿಲ್ಲ?" ಅಂದರು.

"ಇಲ್ಲ ಅತ್ತೆ."

"ಅಯ್ಯೋ! ಎರಡು ದಿನದ ಹಣ್ಣು ಹೋಯ್ತಲ್ಲೇ!"

ನಾನು ಅಳುತ್ತಲೇ ಎದ್ದು ಹೋಗಿ ಒಂದು ಹೋಳು ತಂದೆ. ಎರಡು ದಿನದ ಬಾಕಿ ಸೇರಿಸಿ ಕೊಡು ಅಂದರು; ಕೊಡಲಿಲ್ಲ.

ಮಾರನೆಯ ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳಿ ಅಂತ ಬೇಡಿಕೊಂಡೆ. ಕೇಳಲಿಲ್ಲ. ಮೋಟರು ಹಾಕಿ, ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡೇ ನಾನು ಕಿಟಕಿಯಿಂದ ನೋಡುತ್ತಿದ್ದೆ. ಅವರು ಒದ್ದೆ ನೆಲದ ಮೇಲೆ ನಿಂತು ನಲ್ಲಿ ಹಿಡಿದರು. ಕಾಲ್ಬೆರಳು ಮೇಲೇಳಲಿಲ್ಲ. ಚೊಂಬು ತುಂಬಿತು. ಸ್ವಲ್ಪ ಹೊತ್ತಿಗೆ ಬೆಕ್ಕು ಗೋಡೆಯಿಂದ ಇಳಿದು, ಒಂದು ಹೆಜ್ಜೆ, ಎರಡು ಹೆಜ್ಜೆ ಇಟ್ಟು, ಕಾಂಕ್ರೀಟಿನ ಮೇಲೆ ಮೈ ಚಾಚಿತು. ನಾನು ಬೆರಳು ತೆಗೆದದ್ದು ಆಮೇಲೆಯೇ.

ಭಯ ಮಾತ್ರ ಪೂರ್ತಿ ಹೋಗಿಲ್ಲ. ಮೊನ್ನೆ ಊಟವಾಗಿ ಮಂಚದ ಮೇಲೆ ಕಾಲು ಚಾಚಿದ ಅತ್ತೆ, "ಜುಮ್ ಅಂತೈತೆ ಕಣೇ," ಅಂದರು. ಕೈಯಲ್ಲಿದ್ದ ಲೋಟ ಕೆಳಗಿಟ್ಟು ಓಡಿ ಬಂದೆ. ಈಗ ನಾನು ಮಾತ್ರೆ ತಗೊಂಡ್ರಾ ಅಂತ ಮೊದಲು ಕೇಳುವುದಿಲ್ಲ.

"ತಡಿಯಾ ಪೊಡಿಯಾ ಅತ್ತೆ?"

ಅವರು ಪಾದವನ್ನೊಮ್ಮೆ ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡರು.

"ಪೊಡಿ," ಅಂದರು. "ಹೋಗು, ಮಾತ್ರೆ ತಗೊಂಡ್ ಬಾ."